ಟೈಟಾನಿಯಂ ಕತೆಯಲ್ಲಿ ಮರೆತುಹೋದ ಮೇಷ್ಟ್ರು

ರಾಕೆಟ್ ಹಾರಿದ ದಿನ ಟೀವಿಯಲ್ಲಿ ಕಾಣುವ ಮುಖಗಳು ಬೇರೆ. ಆದರೆ ಆ ರಾಕೆಟ್ಟಿಗೆ ಬೇಕಾದ ಲೋಹ ನಮ್ಮಲ್ಲಿ ಹೇಗೆ ಬಂತು ಅಂತ ಕೆದಕುತ್ತಾ ಹೋದರೆ ಬ್ರಹ್ಮ ಪ್ರಕಾಶ್ ಅವರ ಹೆಸರು ಸಿಗದೇ ಇರಲ್ಲ. 1912ರಲ್ಲಿ ಲಾಹೋರಿನಲ್ಲಿ ಹುಟ್ಟಿದವರು. ಅಲ್ಲೇ ರಸಾಯನಶಾಸ್ತ್ರ ಓದಿ, ಮುಂದೆ ಅಮೆರಿಕದ ಎಂಐಟಿಯಲ್ಲಿ ಲೋಹಶಾಸ್ತ್ರದ ಡಾಕ್ಟರೇಟ್ ಪಡೆದರು. ಹುಟ್ಟೂರು 1947ರಲ್ಲಿ ಗಡಿಯಾಚೆ ಉಳಿಯಿತು.

1951ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಲೋಹಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ಆ ಕುರ್ಚಿಯಲ್ಲಿ ಕೂತ ಮೊದಲ ಭಾರತೀಯ ಇವರೇ. 1957ರಲ್ಲಿ ಹೋಮಿ ಭಾಭಾ ಅವರ ಟ್ರಾಂಬೆಗೆ ಮರಳಿ, ಸೈರಸ್ ರಿಯಾಕ್ಟರಿಗೆ ಯುರೇನಿಯಂ ಇಂಧನವನ್ನು ಇಲ್ಲೇ ತಯಾರಿಸಿದ ತಂಡವನ್ನು ಮುನ್ನಡೆಸಿದರು.

ಟೈಟಾನಿಯಂ ಯಾಕೆ ಅಷ್ಟು ಕಷ್ಟ? ಅದಿರಿಗೆ ಬರವಿಲ್ಲ. ಕೇರಳದ ಚವರದ ಕಡಲ ಮರಳಲ್ಲೇ ಇಲ್ಮೆನೈಟ್ ರಾಶಿ ರಾಶಿ ಇದೆ. ತೊಂದರೆ ಏನಂದ್ರೆ, ಈ ಲೋಹ ಆಮ್ಲಜನಕವನ್ನು ಸುಲಭಕ್ಕೆ ಬಿಟ್ಟುಕೊಡಲ್ಲ. ಕಬ್ಬಿಣದ ಹಾಗೆ ಇದ್ದಿಲು ಹಾಕಿ ಕರಗಿಸಿದರೆ ಕೈಗೆ ಬರೋದು ಪೆಡಸಾದ ಕಾರ್ಬೈಡ್. ಹಾಗಾಗಿ ಮೊದಲು ಕ್ಲೋರಿನ್ ಜೊತೆ ಸೇರಿಸಿ ದ್ರವ ಮಾಡಬೇಕು. ಆಮೇಲೆ ಗಾಳಿ ಸೋಕದಂತೆ ಆರ್ಗಾನ್ ಅನಿಲದೊಳಗೆ ಮೆಗ್ನೀಸಿಯಂ ಕೊಟ್ಟು ಕ್ಲೋರಿನ್ ಕಿತ್ತುಕೊಳ್ಳಬೇಕು. ಕೊನೆಗೆ ಉಳಿಯೋದು ತೂತು ತೂತಾದ ಸ್ಪಂಜು. ಅದನ್ನು ನಿರ್ವಾತದಲ್ಲಿ ಕರಗಿಸಿ, ಶೇ 6 ಅಲ್ಯೂಮಿನಿಯಂ, ಶೇ 4 ವನೇಡಿಯಂ ಬೆರೆಸಿದರೆ ರಾಕೆಟ್ಟಿನ ಅನಿಲ ಸಿಲಿಂಡರಿಗೆ ಬೇಕಾದ ಮಿಶ್ರಲೋಹ ಸಿಗುತ್ತೆ. ಉಕ್ಕಿನ ತೂಕದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಶಕ್ತಿಯಲ್ಲಿ ಒಳ್ಳೊಳ್ಳೆ ಉಕ್ಕಿಗೆ ಸಮ.

ರಿಯಾಕ್ಟರಿಗೆ ಬೇಕಾದ ಜಿರ್ಕೋನಿಯಂ ತೆಗೆಯೋದೂ ಹೆಚ್ಚುಕಮ್ಮಿ ಹೀಗೆಯೇ. ಬ್ರಹ್ಮ ಪ್ರಕಾಶ್ ಹಟ ಹಿಡಿದದ್ದು ಈ ಲೋಹಗಳ ಹಿಂದೆ. ಹೈದರಾಬಾದಿನ ಪರಮಾಣು ಇಂಧನ ಸಂಕೀರ್ಣ ಕಟ್ಟುವಾಗ ಮುಂಚೂಣಿಯಲ್ಲಿದ್ದರು. 1973ರಲ್ಲಿ ಅದೇ ಊರಲ್ಲಿ ಶುರುವಾದ ಮಿಶ್ರ ಧಾತು ನಿಗಮದ ಹಿಂದೆಯೂ ಅವರ ಕೈಯಿತ್ತು.

ಇಲ್ಲೊಂದು ಮಾತು ಹೇಳಲೇಬೇಕು. ವಾಡಿಯಿಂದ ಹೈದರಾಬಾದಿಗೆ ಹೋಗುವ ರೈಲು ಸೇಡಂ ಆದಮೇಲೆ ಕುರಕುಂಟಾ ದಾಟುತ್ತೆ. ಅಲ್ಲಿ ಕೇಂದ್ರ ಸರಕಾರದ್ದೇ ಇನ್ನೊಂದು ನಿಗಮದ, ಅಂದರೆ ಸಿಸಿಐನ, ಸಿಮೆಂಟ್ ಕಾರ್ಖಾನೆ ಬೀಗ ಹಾಕಿಕೊಂಡು ನಿಂತಿದೆ. ಒಂದೇ ರೈಲು ದಾರಿ, ಒಂದೇ ಸರಕಾರ. ರಕ್ಷಣೆ, ಪರಮಾಣು ಅಂದಾಗ ದಶಕಗಟ್ಟಲೆ ಕಾಯುವ ತಾಳ್ಮೆ ದಿಲ್ಲಿಗಿತ್ತು. ಸುಣ್ಣದಕಲ್ಲಿನ ಕಾರ್ಮಿಕರ ವಿಷಯಕ್ಕೆ ಬಂದಾಗ ಇರಲಿಲ್ಲ. ಇದು ಬ್ರಹ್ಮ ಪ್ರಕಾಶ್ ಅವರ ತಪ್ಪಲ್ಲ, ಬಿಡಿ. ಆದರೆ ಅವರಿಗೆ ಸಿಕ್ಕ ಹಣ, ಸಮಯ ಎರಡೂ ರಾಜಕೀಯ ಆಯ್ಕೆಗಳೇ ಆಗಿದ್ದವು.

ವಿಕ್ರಂ ಸಾರಾಭಾಯಿ ತೀರಿಹೋದ ಮೇಲೆ, 1972ರಲ್ಲಿ, ತಿರುವನಂತಪುರದ ಬಾಹ್ಯಾಕಾಶ ಕೇಂದ್ರಕ್ಕೆ ಮೊದಲ ನಿರ್ದೇಶಕರಾದರು. ಅಷ್ಟೊತ್ತಿಗೆ ವಯಸ್ಸು 60ರ ಹತ್ತಿರ. ಬಿಡಿಬಿಡಿಯಾಗಿದ್ದ ಘಟಕಗಳನ್ನು ಒಂದು ಸಂಸ್ಥೆಯಾಗಿ ಹೆಣೆದರು. 1979ರ ಆಗಸ್ಟಿನಲ್ಲಿ ಎಸ್‌ಎಲ್‌ವಿ-3 ಸಮುದ್ರಕ್ಕೆ ಬಿದ್ದಾಗ, ಯೋಜನೆಯ ಹೊಣೆ ಹೊತ್ತಿದ್ದ ಅಬ್ದುಲ್ ಕಲಾಂ ಕುಗ್ಗಿಹೋಗಿದ್ದರು. ಆಗ ಜೊತೆಗೆ ನಿಂತವರು ಇವರು. ಕಲಾಂ ಅದನ್ನು ಆತ್ಮಕತೆಯಲ್ಲೇ ನೆನೆದಿದ್ದಾರೆ. ಮರುವರ್ಷ ಜುಲೈನಲ್ಲಿ ಅದೇ ರಾಕೆಟ್ ರೋಹಿಣಿಯನ್ನು ಕಕ್ಷೆಗೆ ಸೇರಿಸಿತು.

ಬ್ರಹ್ಮ ಪ್ರಕಾಶ್ 1984ರ ಜನವರಿಯಲ್ಲಿ ತೀರಿಕೊಂಡರು. ಆಗಲೂ ನಮ್ಮ ಇಲ್ಮೆನೈಟ್ ಹಡಗು ಹತ್ತಿ ಹೊರಗೆ ಹೋಗುತ್ತಿತ್ತು, ಟೈಟಾನಿಯಂ ಸ್ಪಂಜು ಹೊರಗಿಂದ ಬರುತ್ತಿತ್ತು. ಚವರದಲ್ಲಿ ವರ್ಷಕ್ಕೆ 500 ಟನ್ ಸಾಮರ್ಥ್ಯದ ಸ್ಪಂಜು ಘಟಕ ಶುರುವಾದದ್ದು 2011ರಲ್ಲಿ. ಅದಕ್ಕೆ ದುಡ್ಡು ಹಾಕಿದ್ದು, ಅವರು ನಿರ್ದೇಶಕರಾಗಿದ್ದ ಅದೇ ಬಾಹ್ಯಾಕಾಶ ಕೇಂದ್ರ.