ವಿಶ್ವೇಶ್ವರಯ್ಯನವರ ಭದ್ರಾವತಿ: ಪೋಲಾಗುವ ಶಾಖದಿಂದ ಪುಕ್ಕಟೆ ಕರೆಂಟ್ ಸಿಗುತ್ತದೆಯೇ?

ಪ್ರತಿವರ್ಷ ಸೆಪ್ಟೆಂಬರ್ 15 ಬಂತೆಂದರೆ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೊ ಹರಿದಾಡುತ್ತದೆ. ಜೊತೆಗೆ ಕೆಆರ್‌ಎಸ್ ಕಥೆ ಇದ್ದೇ ಇರುತ್ತದೆ. ಶಿವಮೊಗ್ಗದ ಪಕ್ಕದ ಭದ್ರಾವತಿಯ ಕಾರ್ಖಾನೆಗಾಗಿ ಅವರು ದುಡಿದ ಆರು ವರ್ಷಗಳ ಸುದ್ದಿ ಮಾತ್ರ ಅಪರೂಪ. ಚಿಮಣಿಯಿಂದ ಹೋಗುವ ಶಾಖದಲ್ಲಿ ಪುಕ್ಕಟೆ ಕರೆಂಟ್ ತೆಗೆಯಬಹುದು ಎಂಬ ಮಾತನ್ನೂ ನೀವು ಕೇಳಿರಬಹುದು. ಅದರ ಸತ್ಯಾಸತ್ಯ ತಿಳಿಯಲು ಆ ಆರು ವರ್ಷಗಳೇ ಒಳ್ಳೆಯ ಪಾಠ.

ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯ ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ಮಕ್ಕಳಿಗೆ ಮನೆಪಾಠ ಹೇಳಿಕೊಡುತ್ತಾ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದರು, ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿದರು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್, 1912ರಲ್ಲಿ ದಿವಾನರಾದರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಯೋಜನೆ ರೂಪುಗೊಂಡದ್ದು ಅವರ ದಿವಾನಗಿರಿಯ ಕಾಲದಲ್ಲೇ. ಬೆಂಕಿಪುರ ಎಂಬ ಹಳೆಯ ಹೆಸರಿನ ಆ ಊರಿನಲ್ಲಿ 1923ರಲ್ಲಿ ಊದುಕುಲುಮೆ ಹೊತ್ತಿತು.

ಆದರೆ ಕಾಲ ಕೆಟ್ಟಿತ್ತು. ಮೊದಲ ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ಬಿದ್ದಿತ್ತು. ಕಾರ್ಖಾನೆ ನಷ್ಟದಲ್ಲಿತ್ತು, ಟೀಕೆಗಳೂ ಸಾಕಷ್ಟಿದ್ದವು. 1918ರಲ್ಲೇ ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನು ಸರ್ಕಾರ ಮತ್ತೆ ಕರೆಯಿತು. 1923ರಿಂದ 1929ರವರೆಗೆ ಅವರು ಕಾರ್ಖಾನೆಯ ಅಧ್ಯಕ್ಷರಾಗಿದ್ದರು. ಖರ್ಚು ತಗ್ಗಿಸಿದರು, ವಿದೇಶಿ ತಜ್ಞರ ಜಾಗಕ್ಕೆ ನಮ್ಮವರನ್ನು ತರಬೇತಿ ಕೊಟ್ಟು ತಂದರು.

ಏನೂ ಪೋಲಾಗದ ಲೆಕ್ಕ

ಸುತ್ತಮುತ್ತ ಕಲ್ಲಿದ್ದಲು ಇರಲಿಲ್ಲ. ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಕಾಡಿನ ಇದ್ದಿಲಿನಿಂದ ಕರಗಿಸಬೇಕಿತ್ತು. ಮಣ್ಣಿನ ಗೂಡಿನಲ್ಲಿ ಇದ್ದಿಲು ಸುಟ್ಟರೆ ಆವಿಯೆಲ್ಲ ಗಾಳಿಗೆ ಹೋಗುತ್ತದೆ. ಭದ್ರಾವತಿಯಲ್ಲಿ ಮುಚ್ಚಿದ ಪಾತ್ರೆಯಲ್ಲಿ ಕಟ್ಟಿಗೆ ಕಾಯಿಸಿ, ಆ ಆವಿಯನ್ನು ತಣಿಸಿ, ಮೆಥನಾಲ್, ಕ್ಯಾಲ್ಸಿಯಂ ಅಸಿಟೇಟ್ ಮತ್ತು ಡಾಂಬರಿನಂಥ ಪದಾರ್ಥಗಳನ್ನು ತೆಗೆಯುವ ಘಟಕವಿತ್ತು. ಊದುಕುಲುಮೆಯ ಬಾಯಿಂದ ಹೊರಬರುವ ಅನಿಲದಲ್ಲೂ ಉರಿಯುವ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಕುಲುಮೆಗೆ ಊದುವ ಗಾಳಿಯನ್ನು ಕಾಯಿಸಲು, ಬಾಯ್ಲರ್ ಉರಿಸಲು ಅದನ್ನು ಬಳಸುವುದು ಉಕ್ಕಿನ ಉದ್ಯಮದ ಹಳೆಯ ರೂಢಿ.

ಪೋಲಾಗುವುದನ್ನು ಹಿಡಿದರೆ ಲಾಭ ಖಚಿತವೇ? ಇಲ್ಲ. ಅದೇ 1923ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಂಪನಿ ಅನಿಲಗಳಿಂದಲೇ ಮೆಥನಾಲ್ ತಯಾರಿಸತೊಡಗಿತು. ಜಗತ್ತಿನಾದ್ಯಂತ ಕಟ್ಟಿಗೆಯ ಮೆಥನಾಲ್‌ಗೆ ಬೇಡಿಕೆ ಕುಸಿಯಿತು. ಇದ್ದಿಲಿಗಾಗಿ ಕಾಡೂ ಬೆಲೆ ತೆರಬೇಕಾಯಿತು. 1950ರ ದಶಕದಲ್ಲಿ ಭದ್ರಾವತಿಗೆ ವಿದ್ಯುತ್ ಕುಲುಮೆಗಳು ಬಂದವು.

ಹಾಗಾದರೆ ಪುಕ್ಕಟೆ ಕರೆಂಟ್?

ಕಲ್ಲಿದ್ದಲಿನ ವಿದ್ಯುತ್ ಸ್ಥಾವರದಲ್ಲಿ ಇಂಧನದ ಶಾಖದ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ವಿದ್ಯುತ್ತಾಗುತ್ತದೆ. ಉಳಿದದ್ದು ಚಿಮಣಿ ಮತ್ತು ಕೂಲಿಂಗ್ ಟವರ್ ಮೂಲಕ ಹೋಗುತ್ತದೆ. ಅಷ್ಟೂ ಶಾಖ ಕರೆಂಟ್ ಆಗದು. ಫ್ರಾನ್ಸಿನ ಸಾದಿ ಕಾರ್ನೊ 1824ರಲ್ಲೇ ಇದಕ್ಕೆ ಒಂದು ಮಿತಿ ಇದೆ ಎಂದು ತೋರಿಸಿದ್ದ. ಸುತ್ತಲ ಗಾಳಿ 30 ಡಿಗ್ರಿ ಇದ್ದು, ಶಾಖ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಿಕ್ಕರೆ ಹೆಚ್ಚೆಂದರೆ ಶೇ 19ರಷ್ಟು ವಿದ್ಯುತ್ತಾಗಬಹುದು. ನಿಜವಾದ ಯಂತ್ರದಲ್ಲಿ ಅದರ ಅರ್ಧದಷ್ಟು ದಕ್ಕಿದರೂ ಹೆಚ್ಚು. ಕೂಲಿಂಗ್ ಟವರ್‌ಗೆ ಹೋಗುವ 40 ಡಿಗ್ರಿ ನೀರಿನಲ್ಲಿ ಆ ಮಿತಿ ಕೇವಲ ಶೇ 3.

ಆದರೂ ಇದು ಸುಳ್ಳು ತಂತ್ರಜ್ಞಾನವಲ್ಲ. ಪೆಂಟೇನ್‌ನಂತೆ ಕಡಿಮೆ ಶಾಖಕ್ಕೇ ಕುದಿಯುವ ದ್ರವದ ಆವಿಯಿಂದ ಟರ್ಬೈನ್ ತಿರುಗಿಸುವ ಯಂತ್ರಗಳಿವೆ. ಸಿಮೆಂಟ್, ಉಕ್ಕಿನ ಕಾರ್ಖಾನೆಗಳ ಬಿಸಿ ಅನಿಲದಿಂದ ವಿದ್ಯುತ್ ತೆಗೆಯುವುದೂ ನಡೆದಿದೆ. ಇಂಧನ ಹೊಸದಾಗಿ ಬೇಕಿಲ್ಲ, ನಿಜ. ಆದರೆ ಯಂತ್ರಕ್ಕೆ, ನಿರ್ವಹಣೆಗೆ ದುಡ್ಡು ಬೇಕು. ಆದ್ದರಿಂದ ಪುಕ್ಕಟೆ ಎಂಬುದು ತಪ್ಪು, ಉಳಿತಾಯ ಎಂಬುದು ಸರಿ.

1962ರಲ್ಲಿ ವಿಶ್ವೇಶ್ವರಯ್ಯ ತೀರಿಕೊಂಡ ಮೇಲೆ ಕಾರ್ಖಾನೆಗೆ ಅವರ ಹೆಸರನ್ನೇ ಇಡಲಾಯಿತು. 2023ರಲ್ಲಿ ಅದನ್ನು ಮುಚ್ಚುವ ತೀರ್ಮಾನ ಹೊರಬಿದ್ದಾಗ ಕಾರ್ಮಿಕರು ಬೀದಿಗಿಳಿದರು. ಕಾರ್ಖಾನೆ ಉಳಿಯಲು ಹೆಮ್ಮೆಯ ಜೊತೆಗೆ ಲೆಕ್ಕವೂ ಕೂಡಿಬರಬೇಕು. ಮುಂದಿನ ಎಂಜಿನಿಯರ್‌ಗಳ ದಿನದಂದು ಅವರ ಫೋಟೊ ಕಳಿಸುವಾಗ ಈ ಲೆಕ್ಕವನ್ನೂ ಸೇರಿಸಿ ಕಳಿಸಿ.