ಬೆಳಕು ಹಂಚಿದ ಅಂಧ ಗುರು: ಗಾನಯೋಗಿ ಪಂಚಾಕ್ಷರ ಗವಾಯಿಗಳು

ಸಂಘದ ಹುಟ್ಟುಹಬ್ಬವೆಂದರೆ ತಾಯ್ನಾಡಿನ ಹಿರಿಯ ಚೇತನವೊಂದನ್ನು ನೆನೆಯುವ ಸುಸಂದರ್ಭವೂ ಹೌದು. ರಿಕ್ಕರ್ಟನ್ ಸುತ್ತಮುತ್ತ ನೆಲೆಸಿರುವ ನಾವು ಈ ಬಾರಿ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಸ್ಥಾಪಕರಾದ ಪಂಡಿತ ಪಂಚಾಕ್ಷರ ಗವಾಯಿಗಳನ್ನು ಆರಿಸಿಕೊಂಡಿದ್ದೇವೆ. ನಮ್ಮಲ್ಲಿ ಹಲವರಿಗೆ ಅವರ ಪರಿಚಯವಾದದ್ದು 1995ರ ಚಲನಚಿತ್ರದ ಮೂಲಕ. ಹಂಸಲೇಖ ಅವರಿಗೂ ಗಾಯಕ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಆ ಚಿತ್ರದ ಹಾಡುಗಳು ಇಂದಿಗೂ ನಮ್ಮ ಮನೆಗಳಲ್ಲಿ ಕೇಳಿಬರುತ್ತವೆ. ಆದರೆ ಗವಾಯಿಗಳು ದೊಡ್ಡ ಸಂಗೀತಗಾರರಷ್ಟೇ ಅಲ್ಲ. ದಿಕ್ಕಿಲ್ಲದ ಮಕ್ಕಳಿಗೆ ಮನೆಯನ್ನೂ ಗುರುವನ್ನೂ ವಿದ್ಯೆಯನ್ನೂ ಒಟ್ಟಿಗೇ ಕೊಟ್ಟವರು. ಈ ಮಾತನ್ನು ನಮ್ಮ ಮಕ್ಕಳಿಗೆ ತಿಳಿಸಬೇಕೆಂಬುದೇ ಈ ಲೇಖನದ ಉದ್ದೇಶ.

ಗವಾಯಿಗಳು ಹುಟ್ಟಿದ್ದು 1892ರಲ್ಲಿ, ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಇಂದು ಅದು ಹಾವೇರಿ ಜಿಲ್ಲೆಗೆ ಸೇರಿದೆ. ಅಂದು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ತಂದೆ ಗುರುಪಾದಯ್ಯ, ತಾಯಿ ನೀಲಮ್ಮ. ಮಗುವಿಗಿಟ್ಟ ಹೆಸರು ಗದಿಗೆಯ್ಯ. ಹುಟ್ಟಿನಿಂದಲೇ ಕಣ್ಣಿರಲಿಲ್ಲ, ಅಣ್ಣ ಗುರುಬಸಯ್ಯನೂ ಅಂಧನೇ. ಬಡ ಮನೆಯಲ್ಲಿ ಇಬ್ಬರು ಕುರುಡು ಮಕ್ಕಳೆಂದರೆ ಆ ಕಾಲದಲ್ಲಿ ಏನರ್ಥವೆಂದು ಊಹಿಸಬಹುದು. ಪೂರ್ವಜನ್ಮದ ಪಾಪವೆಂದು ಜನ ಆಡಿಕೊಳ್ಳುತ್ತಿದ್ದ ಕಾಲವದು. ಅಂಥ ಮಗುವಿಗೆ ಭಿಕ್ಷೆಯೊಂದೇ ದಾರಿಯೆಂದು ಎಲ್ಲರೂ ನಂಬಿದ್ದರು.

ಆ ದಾರಿಯನ್ನು ತಪ್ಪಿಸಿದವರು ಹಾನಗಲ್ಲ ಕುಮಾರಸ್ವಾಮಿಗಳು. 1909ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವನ್ನು ಸ್ಥಾಪಿಸಿದ ಮಹಾನುಭಾವರು ಅವರು. ಅಣ್ಣತಮ್ಮಂದಿರ ಕಂಠವನ್ನು ಕೇಳಿ, ಕರುಣೆ ತೋರಿ ಕೈತೊಳೆದುಕೊಳ್ಳದೆ, ಹುಡುಗರನ್ನು ಕರೆದೊಯ್ದು ಸಂಗೀತಾಭ್ಯಾಸಕ್ಕೆ ಏರ್ಪಾಡು ಮಾಡಿದರು. ಗದಿಗೆಯ್ಯ ಮೊದಲು ಕರ್ನಾಟಕ ಸಂಗೀತವನ್ನೂ ಬಳಿಕ ಹಿಂದೂಸ್ತಾನಿ ಸಂಗೀತವನ್ನೂ ಕಲಿತು, ಎರಡರಲ್ಲೂ ಅಧಿಕಾರಯುತವಾಗಿ ಹಾಡಬಲ್ಲ ಅಪರೂಪದ ಗಾಯಕರಾದರು. ಮುಂದೆ ಮಲ್ಲಿಕಾರ್ಜುನ ಮನ್ಸೂರರಿಗೂ ಗುರುಗಳಾದ ಮಿರಜಿನ ನೀಲಕಂಠಬುವಾ ಅವರಲ್ಲಿಯೂ ಪಾಠವಾಯಿತು. ಗದಿಗೆಯ್ಯ ಪಂಚಾಕ್ಷರ ಗವಾಯಿಗಳಾದರು.

ಇಲ್ಲಿಗೆ ಕಥೆ ಮುಗಿಯಬಹುದಾಗಿತ್ತು. ಇಷ್ಟು ವಿದ್ಯೆ ಕೈಯಲ್ಲಿದ್ದ ಗಾಯಕರು ಸಂಸ್ಥಾನವೊಂದರ ಆಶ್ರಯ ಹಿಡಿದು ಸುಖವಾಗಿರಬಹುದಿತ್ತು. ಗವಾಯಿಗಳು ಹಾಗೆ ಮಾಡಲಿಲ್ಲ. ತಮಗೆ ದೊರೆತದ್ದು ತಮ್ಮಂಥ ಇತರ ಮಕ್ಕಳಿಗೂ ದೊರೆಯಬೇಕೆಂದು ಸಂಕಲ್ಪಿಸಿ, ಗುರುವಿನ ಅಪ್ಪಣೆಯಂತೆ ಸಂಚಾರಿ ಸಂಗೀತ ಶಾಲೆಯೊಂದನ್ನು ಕಟ್ಟಿದರು. ಶಾಲೆಗೆ ಕಟ್ಟಡವಿರಲಿಲ್ಲ. ತಂಬೂರಿ, ತಬಲಾ, ಹಾರ್ಮೋನಿಯಂಗಳೊಂದಿಗೆ ಗುರುವೂ ಮಕ್ಕಳೂ ಊರಿಂದೂರಿಗೆ ನಡೆದರು. ಮಠವೋ ಗುಡಿಯೋ ಭಕ್ತರ ಮನೆಯ ಪಡಸಾಲೆಯೋ ಅಂದಿನ ಶಾಲೆ. ಕುರುಡರು, ತಬ್ಬಲಿಗಳು, ಹೊಟ್ಟೆಗಿಲ್ಲದವರು ಬಂದು ಸೇರಿಕೊಂಡರು. ಜಾತಿಯನ್ನು ಕೇಳುವ ಪದ್ಧತಿ ಇರಲಿಲ್ಲ.

ಕಲಿಸುವ ಕ್ರಮವೂ ಗಮನಾರ್ಹವಾದುದು. ಕಣ್ಣಿಲ್ಲದ ಗುರು ಕಣ್ಣಿಲ್ಲದ ಶಿಷ್ಯನಿಗೆ ಕಲಿಸುವಾಗ ಪುಸ್ತಕವಿಲ್ಲ, ಹಲಗೆಯಿಲ್ಲ. ಕಿವಿ ಮತ್ತು ಕೈ ಎರಡೇ ಸಾಧನ. ಸ್ವರವನ್ನು ಕೇಳಿಸಿ ಹೇಳಿಸಬೇಕು, ಬೆರಳು ಹಿಡಿದು ವಾದ್ಯದ ಮೇಲೆ ಇಡಿಸಬೇಕು. ದಿನವಿಡೀ ಜೊತೆಯಲ್ಲೇ ಇದ್ದರಲ್ಲದೆ ಇದು ಸಾಧ್ಯವಿಲ್ಲ. ಮಕ್ಕಳನ್ನು ಸಾಕುವುದು ಬೇರೆ, ಕಲಿಸುವುದು ಬೇರೆ ಎಂಬ ಭೇದ ಅಲ್ಲಿ ಉಳಿಯಲಿಲ್ಲ. ಕಲಿತು ಹೊರಬಿದ್ದವನಿಗೆ ಹೊಟ್ಟೆಪಾಡೂ ಇತ್ತು: ಶಾಲೆಯಲ್ಲಿ ಸಂಗೀತ ಮಾಸ್ತರಿಕೆ, ಪುರಾಣ ಪ್ರವಚನಕ್ಕೆ ಪಕ್ಕವಾದ್ಯ, ನಾಟಕ ಕಂಪೆನಿಗಳಲ್ಲಿ ಹಾರ್ಮೋನಿಯಂ, ತಬಲಾ. ಬೇಡುವ ಕೈ ನುಡಿಸುವ ಕೈಯಾಯಿತು.

ಕಷ್ಟಗಳೇನೂ ಕಡಿಮೆಯಿರಲಿಲ್ಲ. ಆಶ್ರಯದಾತರಾಗಿದ್ದ ಕುಮಾರಸ್ವಾಮಿಗಳು 1930ರಲ್ಲಿ ಲಿಂಗೈಕ್ಯರಾದರು. ಮಕ್ಕಳ ಸಂಖ್ಯೆ ಬೆಳೆಯುತ್ತಿತ್ತು, ಕಣಜ ಬೆಳೆಯುತ್ತಿರಲಿಲ್ಲ. ಜೋಳಿಗೆ ಹಿಡಿದು ತಂದ ಕಾಳಿನಲ್ಲಿ ದಿನಗಳು ಸಾಗಿದವು. ಮುಂದೆ ಮಕ್ಕಳ ಅನ್ನಕ್ಕಾಗಿಯೇ ನಾಟಕ ಸಂಘವೂ ನಡೆಯಿತು. ಅಂಧ ಕಲಾವಿದರು ಬಣ್ಣ ಹಚ್ಚಿ ರಂಗವೇರಿದರು.

ಶಿಷ್ಯರಲ್ಲಿ ಇಬ್ಬರನ್ನು ಹೆಸರಿಸದಿದ್ದರೆ ಈ ಚರಿತ್ರೆ ಪೂರ್ಣವಾಗದು. ಒಬ್ಬರು ಬಸವರಾಜ ರಾಜಗುರು. ಹದಿಮೂರರ ಹರೆಯದಲ್ಲಿ ತಂದೆಯನ್ನು ಕಳೆದುಕೊಂಡ ಯಲಿವಾಳದ ಈ ಹುಡುಗನಲ್ಲಿದ್ದ ಪ್ರತಿಭೆಯನ್ನು ಗವಾಯಿಗಳು ಗುರುತಿಸಿ ಕರೆತಂದರು. 1936ರಲ್ಲಿ ಹಂಪಿಯಲ್ಲಿ ವಿಜಯನಗರ ಸಾಮ್ರಾಜ್ಯದ ಆರುನೂರನೆಯ ವರ್ಷದ ಉತ್ಸವ. ಅಲ್ಲಿ ಹರೆಯದ ರಾಜಗುರು ಹಾಡಿದಾಗ ತಬಲಾ ಸಾಥಿಗೆ ಕುಳಿತವರು ಸ್ವತಃ ಗುರುಗಳೇ! ಶಿಷ್ಯನನ್ನು ಮುಂದೆ ಕೂರಿಸಿ ತಾವು ಪಕ್ಕವಾದ್ಯಕ್ಕೆ ಕುಳಿತ ಆ ಒಂದು ಸಂಗತಿ ಗವಾಯಿಗಳ ಶಿಕ್ಷಣದ ಸಾರವನ್ನೆಲ್ಲ ಹೇಳುತ್ತದೆಂದು ನಾವು ಭಾವಿಸುತ್ತೇವೆ. ಅದೇ ರಾಜಗುರು 1991ರಲ್ಲಿ ಪದ್ಮಭೂಷಣರಾದರು.

ಇನ್ನೊಬ್ಬರು 1914ರಲ್ಲಿ ಹುಟ್ಟಿದ ಪುಟ್ಟರಾಜ ಗವಾಯಿಗಳು. ಎಳವೆಯಲ್ಲೇ ದೃಷ್ಟಿಯನ್ನೂ ತಂದೆಯನ್ನೂ ಕಳೆದುಕೊಂಡು ಸೋದರಮಾವನ ಆಶ್ರಯದಲ್ಲಿ ಬೆಳೆದ ಮಗು. ಮಾವನೇ ಕೈಹಿಡಿದು ತಂದು ಗವಾಯಿಗಳಿಗೆ ಒಪ್ಪಿಸಿದರು. ಜೀವಿತದ ಕೊನೆಯ ವರ್ಷಗಳಲ್ಲಿ ಗವಾಯಿಗಳ ಅಲೆದಾಟ ಗದುಗಿನಲ್ಲಿ ನಿಂತಿತು. ದಾನಿ ಬಸರಿಗಿಡದ ವೀರಪ್ಪನವರು ನೆಲೆ ಕಲ್ಪಿಸಿದರು. ಅವರ ಹೆಸರಿನಲ್ಲೇ ವೀರೇಶ್ವರ ಪುಣ್ಯಾಶ್ರಮವಾಯಿತು. 1944ರಲ್ಲಿ ಪಂಚಾಕ್ಷರ ಗವಾಯಿಗಳು ಕಾಲವಾದಾಗ ಮೂವತ್ತರ ಹರೆಯದ ಪುಟ್ಟರಾಜರು ಹೊಣೆ ಹೊತ್ತರು. 2010ರಲ್ಲಿ ತಾವು ತೀರಿಕೊಳ್ಳುವವರೆಗೆ ಅರವತ್ತಾರು ವರ್ಷ ಅದನ್ನು ನಡೆಸಿದರು. ಭಕ್ತರು ನಾಣ್ಯಗಳಿಂದ ಮಾಡಿದ ತುಲಾಭಾರಗಳ ಹಣವೂ ಮಕ್ಕಳ ಅನ್ನಕ್ಕೇ ಸಂದಿತು. ಇಂದು ನಾವು ಮೆಚ್ಚಿ ಕೇಳುವ ಪಂಡಿತ ವೆಂಕಟೇಶ ಕುಮಾರರು ಹನ್ನೆರಡು ವರ್ಷ ಕಲಿತದ್ದು ಇದೇ ಆಶ್ರಮದಲ್ಲಿ. ಕೈಹಿಡಿಸಿಕೊಂಡ ಮಗು ಮತ್ತೊಂದು ಮಗುವಿನ ಕೈಹಿಡಿಯುವುದು ಇಲ್ಲಿಯ ಪರಂಪರೆ.

ಈ ಕಥೆಯನ್ನು ನ್ಯೂಜಿಲೆಂಡಿನಲ್ಲಿ ಕುಳಿತು ಓದುವುದಕ್ಕೆ ಬೇರೆಯೇ ಅರ್ಥವಿದೆ. ಸರ್ಕಾರದ ಹಾಗೂ ಧಾರ್ಮಿಕ ಸಂಸ್ಥೆಗಳ ಆರೈಕೆಯಲ್ಲಿ ಮಕ್ಕಳಿಗಾದ ದೌರ್ಜನ್ಯವನ್ನು ಕುರಿತು ಇಲ್ಲಿಯ ರಾಯಲ್ ಕಮಿಷನ್ 2024ರ ಜುಲೈನಲ್ಲಿ ಅಂತಿಮ ವರದಿ ನೀಡಿತು. 1950ರಿಂದ 2019ರವರೆಗೆ ಸುಮಾರು 2 ಲಕ್ಷ ಮಂದಿ ನೊಂದಿರಬಹುದೆಂಬುದು ಅದರ ಅಂದಾಜು. ಅವರಲ್ಲಿ ಅಂಗವಿಕಲ ಹಾಗೂ ಕಿವುಡ ಮಕ್ಕಳೂ ಇದ್ದರು. ಅದೇ ನವೆಂಬರ್‌ನಲ್ಲಿ ಪ್ರಧಾನಿಯವರು ಸಂಸತ್ತಿನಲ್ಲಿ ಕ್ಷಮೆ ಕೋರಿದರು. ಸೂರು, ಊಟ, ಹಾಸಿಗೆ ಇದ್ದಮಾತ್ರಕ್ಕೆ ಮಗುವಿಗೆ ಮನೆ ಸಿಕ್ಕಿದಂತಲ್ಲ. ಸೂರೇ ಇಲ್ಲದ ಗವಾಯಿಗಳ ಶಾಲೆಯಲ್ಲಿ ಇದ್ದದ್ದು ಮಗುವಿನ ದನಿಗೆ ಕಿವಿಗೊಡುವ ಒಬ್ಬ ಹಿರಿಯ.

ಇಂದು ನಮ್ಮ ಊರಿನಲ್ಲಿಯೂ ಮನೆಬಿಟ್ಟ, ಮನೆಯಲ್ಲೇ ನೊಂದ ಎಳೆಯರಿದ್ದಾರೆ. ಅವರಿಗಾಗಿ ದುಡಿಯುವ ಸಂಸ್ಥೆಗಳಿಗೆ ಹಣದಷ್ಟೇ ಬೇಕಾಗಿರುವುದು ಬಿಡದೆ ಬರುವ ಹಿರಿಯರು. ನಮ್ಮಲ್ಲಿ ಹಾಡುವವರಿದ್ದಾರೆ, ಮೃದಂಗ, ತಬಲಾ ನುಡಿಸುವವರಿದ್ದಾರೆ, ನಾಟಕ ಆಡಿಸುವವರಿದ್ದಾರೆ. ಪೊಲೀಸ್ ತಪಾಸಣೆಗೆ ಸಂತೋಷದಿಂದ ಒಳಪಟ್ಟು, ವಾರಕ್ಕೆ ಎರಡು ಗಂಟೆಯನ್ನು ಒಂದು ವರ್ಷ ತಪ್ಪದೆ ಕೊಡುವವರು ನಮ್ಮಿಂದ ನಾಲ್ವರು ಹೊರಟರೂ ಸಾಕು. ವೇದಿಕೆಯಲ್ಲಿ ಮಗುವನ್ನು ಮುಂದೆ ಕೂರಿಸಿ ನಾವು ಪಕ್ಕವಾದ್ಯಕ್ಕೆ ಕೂರೋಣ. ಪಂಚಾಕ್ಷರ ಗವಾಯಿಗಳಿಗೆ ನಾವು ಸಲ್ಲಿಸಬಹುದಾದ ನಿಜವಾದ ಶ್ರದ್ಧಾಂಜಲಿ ಅದೇ.