ಹೋಬಳಿ ಶಾಲೆಗಳ ರೈಸ್: ಶಾಲಾನುಭವ ಸಂಶೋಧನೆಯ ಹಿನ್ನೆಲೆಯಲ್ಲಿ ಒಂದು ಜೀವನಚಿತ್ರ

ಬಿ.ಎಲ್. ರೈಸ್ ಅವರನ್ನು ಕನ್ನಡ ವಿದ್ವತ್‌ಲೋಕವು ಶಾಸನತಜ್ಞರೆಂದೇ ಸ್ಮರಿಸುತ್ತ ಬಂದಿದೆ. ಅವರ ಸೇವಾವಧಿಯ ಪೂರ್ವಾರ್ಧವು ಶಿಕ್ಷಣ ಇಲಾಖೆಗೆ ಸಂದದ್ದೆಂಬುದು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಸೊರಬ ತಾಲ್ಲೂಕಿನ ಆನವಟ್ಟಿ ಹೋಬಳಿಯಲ್ಲಿ ಮಕ್ಕಳ ಶಾಲಾನುಭವಗಳನ್ನು ಸಂದರ್ಶನಗಳ ಮೂಲಕ ಸಂಗ್ರಹಿಸುತ್ತಿರುವ ನನಗೆ ಆ ಪೂರ್ವಾರ್ಧವೇ ಮುಖ್ಯವಾಗಿ ಕಾಣುತ್ತದೆ.

ರೈಸ್ ಜನಿಸಿದ್ದು 1837ರ ಜುಲೈ 17ರಂದು, ಬೆಂಗಳೂರಿನಲ್ಲಿ. ತಂದೆ ಬೆಂಜಮಿನ್ ಹೋಲ್ಟ್ ರೈಸ್ ಲಂಡನ್ ಮಿಷನ್ನಿನ ಪಾದ್ರಿ, ಕನ್ನಡ ಬಲ್ಲವರು. ಇಂಗ್ಲೆಂಡಿನಲ್ಲಿ ಓದು ಮುಗಿಸಿ 1860ರಲ್ಲಿ ಬೆಂಗಳೂರಿನ ಹೈಸ್ಕೂಲಿನ ಮುಖ್ಯಸ್ಥರಾಗಿ ಮರಳಿದ ಮಗ, 1865ರಲ್ಲಿ ಮೈಸೂರು ಮತ್ತು ಕೊಡಗು ಪ್ರಾಂತಗಳ ಶಾಲಾ ಇನ್ಸ್‌ಪೆಕ್ಟರಾದರು. ಶಾಲಾ ತಪಾಸಣೆಯ ಆ ತಿರುಗಾಟದಲ್ಲಿಯೇ ಊರೂರ ಶಾಸನಗಳು ಅವರ ಕಣ್ಣಿಗೆ ಬಿದ್ದವು. ಶಾಸನಶಾಸ್ತ್ರದ ಈ ಮಹಾಕಾರ್ಯ ಶಾಲೆಯ ದಾರಿಯಲ್ಲಿ ಮೊಳೆತದ್ದೆಂಬುದನ್ನು ಮರೆಯುವಂತಿಲ್ಲ.

1868ರಲ್ಲಿ ರೂಪುಗೊಂಡ ಹೋಬಳಿ ಶಾಲೆಗಳ ಯೋಜನೆ ಅವರದು. ಹೋಬಳಿಗೊಂದು ಕನ್ನಡ ಶಾಲೆ ಎಂಬ ಈ ಸರಳ ವಿಚಾರವು ಸರ್ಕಾರಿ ಶಿಕ್ಷಣವನ್ನು ಪಟ್ಟಣದಿಂದ ಹಳ್ಳಿಯ ಕಡೆಗೆ ತಿರುಗಿಸಿತು. 1881ರ ಜನಗಣತಿಯ ಹೊಣೆಯೂ ಅವರದಾಯಿತು. 1882ರಲ್ಲಿ ಹಂಟರ್ ಶಿಕ್ಷಣ ಆಯೋಗಕ್ಕೆ ಕಾರ್ಯದರ್ಶಿಗಳಾದರು. ಆಯೋಗವು ಪ್ರಾಂತ ಪ್ರಾಂತಗಳಲ್ಲಿ ಸಾಕ್ಷಿಗಳನ್ನು ಕರೆಸಿ ಪ್ರಶ್ನಿಸಿತು. ಶಿಕ್ಷಣದ ಬಗೆಗೆ ಇಷ್ಟು ದೊಡ್ಡ ಪ್ರಮಾಣದ ಪ್ರಶ್ನೋತ್ತರ ಭಾರತದಲ್ಲಿ ಅದುವರೆಗೆ ವಿರಳ. ಆದರೆ ಉತ್ತರ ಹೇಳಿದವರು ಅಧಿಕಾರಿಗಳು, ಅಧ್ಯಾಪಕರು, ಮಿಷನರಿಗಳು, ಊರ ಗಣ್ಯರು. ಬೆಂಚಿನ ಮೇಲೆ ಕುಳಿತ ಹುಡುಗನಿಗೆ ಶಾಲೆ ಹೇಗೆ ಕಂಡಿತೆಂಬುದು ಆ ಕಾಲದ ಕೇಳ್ವಿಯ ವ್ಯಾಪ್ತಿಗೆ ಬರಲಿಲ್ಲ. ಇದನ್ನು ರೈಸ್ ಅವರ ದೋಷವೆನ್ನಲಾಗದು. ಇನ್ಸ್‌ಪೆಕ್ಟರರ ಪ್ರಶ್ನೆಗೆ ಉತ್ತರವು ಮೊದಲೇ ಗೊತ್ತಿರುತ್ತದೆ. ಸಂದರ್ಶಕನ ಪ್ರಶ್ನೆಗೆ ಗೊತ್ತಿರಬಾರದು. (ನೋಟ್‌ಬುಕ್ ಹಿಡಿದು ಕುಳಿತ ನನ್ನೆದುರಿಗೂ ಮೊದಲ ದಿನ ಮಕ್ಕಳು ಕೈಕಟ್ಟಿ ಎದ್ದುನಿಂತು ಮಗ್ಗಿ ಒಪ್ಪಿಸಿದರು. ಶಾಲೆಯ ಆವರಣ ಬಿಟ್ಟು ಕೋಟಿಪುರದ ಕೈಟಭೇಶ್ವರ ದೇವಾಲಯದ ಬಳಿ ಕುಳಿತ ಮೇಲೆಯೇ ಮಾತು ಬೇರೆಯಾದದ್ದು.)

ಅನಂತರದ ರೈಸ್ ನಮಗೆ ಪರಿಚಿತರು. 1886ರಿಂದ 1905ರವರೆಗೆ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹನ್ನೆರಡು ಸಂಪುಟಗಳು ಹೊರಬಂದವು. ಶಿಕಾರಿಪುರದ ಶಾಸನಗಳು 1902ರ ಏಳನೆಯ ಸಂಪುಟದಲ್ಲಿಯೂ ಸೊರಬದವು 1904ರ ಎಂಟನೆಯದರಲ್ಲಿಯೂ ಸೇರಿವೆ. ಬಳ್ಳಿಗಾವೆಯ ಕೋಡಿಯಮಠವನ್ನು ವರ್ಣಿಸುವ 1162ರ ಶಾಸನ ಅವುಗಳಲ್ಲೊಂದು. ಅಲ್ಲಿ ವೇದ, ವ್ಯಾಕರಣಗಳ ಪಾಠವಿದೆ, ಹಸಿದವರಿಗೆ ಅನ್ನವಿದೆ, ರೋಗಿಗಳಿಗೆ ಆರೈಕೆಯಿದೆ. ಓದುತ್ತಿದ್ದ ಮಾಣಿಯ ಮಾತು ಮಾತ್ರ ಇಲ್ಲ. ಹೋಬಳಿ ಶಾಲೆಗಳನ್ನು ಕಟ್ಟಿದ ಕೈಯೇ ಈ ಶಾಸನವನ್ನೂ ಪ್ರಕಟಿಸಿತು. ಎರಡೂ ಕಡೆ ಉಳಿದಿರುವ ಮೌನ ಒಂದೇ ಬಗೆಯದು.

1906ರಲ್ಲಿ ನಿವೃತ್ತರಾದ ರೈಸ್ ಇಂಗ್ಲೆಂಡಿನ ಹ್ಯಾರೋದಲ್ಲಿ ನೆಲೆಸಿದರು. ಅಲ್ಲಿಯೇ 1927ರ ಜುಲೈ 10ರಂದು, ತೊಂಬತ್ತು ತುಂಬಲು ಒಂದು ವಾರವಿರುವಾಗ ತೀರಿಕೊಂಡರು.